ಹಿಟ್ಟಿನ ಅಂಟು

"ಎಂಜಲಾ?" ಎಂದ ನಿವೃತ್ತ ಪೋಸ್ಟ್‌ಮನ್. "ನಮ್ಮಮ್ಮನ ಫೋಟೋಗೆ?"

"ಎಂಜಲೇ," ಎಂದಳು ಹಳೆಯ ಕಾಗದ ರಿಪೇರಿ ಮಾಡುವ ಹುಡುಗಿ, ಕನ್ನಡಕವನ್ನು ಹಣೆಗೇರಿಸುತ್ತ. "ನಿಮ್ಮಮ್ಮ ಇದನ್ನ ರಟ್ಟಿಗೆ ಅಂಟಿಸಿರೋದು ಹಿಟ್ಟಿನ ಅಂಟಲ್ಲಿ. ಹಿಟ್ಟನ್ನ ಒಡೆದು ಸಕ್ಕರೆ ಮಾಡೋ ಅಮೈಲೇಸ್ ಅನ್ನೋ ಕಿಣ್ವ ಎಲ್ಲರ ಬಾಯಲ್ಲೂ ಇದೆ. ಬ್ರೆಡ್ಡು ಅಗೀತಾ ಅಗೀತಾ ಸಿಹಿಯಾಗಲ್ವಾ, ಅದರದ್ದೇ ಕೆಲಸ. ಬಾಟಲಿಯಲ್ಲೂ ಸಿಗುತ್ತೆ. ಆದ್ರೆ ನನ್ನ ಬಾಟಲಿ ಖಾಲಿ, ಹೊಸದು ಬರೋಕೆ ಮೂರು ವಾರ."

ಮೂರು ವಾರ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಅವನು ಆರು ತಿಂಗಳ ಕೂಸಾಗಿದ್ದಾಗ ಅಪ್ಪ ಜಗಳವಾಡಿ ಮನೆ ಬಿಟ್ಟಿದ್ದ. ಹೋದವನು ಒಂದಕ್ಷರ ಬರೆಯಲಿಲ್ಲ ಎಂದು ಅಮ್ಮ ಸಾಯುವ ತನಕ ಹೇಳಿದ್ದಳು. ಅಮ್ಮನ ಮಡಿಲಲ್ಲಿ ಅವನು ಕೂತ ಫೋಟೋ ಮಾತ್ರ ಗೋಡೆಯ ಮೇಲಿತ್ತು. ಹೋದ ತಿಂಗಳು ಅದರ ಮೂಲೆ ಎದ್ದು, ಹಿಂದೆ ಪೆನ್ಸಿಲಿನ ಬರಹ ಇಣುಕಿತ್ತು. ಅಮ್ಮನ ಅಕ್ಷರವಲ್ಲ. ಜೀವಮಾನವಿಡೀ ಊರವರ ಕೈಬರಹ ಓದಿದವನಿಗೆ ಅಷ್ಟೂ ತಿಳಿಯದೇ? ಅಂದಿನಿಂದ ಊಟ ರುಚಿಸುತ್ತಿರಲಿಲ್ಲ.

"ಹಾಗಾದ್ರೆ ನನ್ನದೇ ತಗೊಳಮ್ಮಾ. ಇದೊಂದಕ್ಕೆ ನನ್ನ ಹತ್ರ ಬರ ಇಲ್ಲ."

ಅವನು ಉಗಿದುಕೊಟ್ಟ ಬಟ್ಟಲಿಗೆ ಹತ್ತಿಕಡ್ಡಿ ಅದ್ದಿ ಅವಳು ಮೂಲೆಯಿಂದ ಸ್ವಲ್ಪಸ್ವಲ್ಪವೇ ಉರುಳಿಸಿದಳು. ಅಂಟು ಮೆತ್ತಗಾಗತೊಡಗಿತು. ಅವನು ಕಣ್ಣು ಮಿಟುಕಿಸದೆ ನೋಡಿದ. ಅರವತ್ತೆಂಟು ವರ್ಷ ತನ್ನ ಬಾಯಲ್ಲಿ ಇಂಥ ಸಂಬಳವಿಲ್ಲದ ಕೆಲಸಗಾರನೊಬ್ಬ ಇದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ.

"ಪೆನ್ಸಿಲ್ ಆಗಿದ್ದು ಪುಣ್ಯ. ಶಾಯಿಯಾಗಿದ್ರೆ ಕದಡಿಹೋಗ್ತಿತ್ತು."

ಅರ್ಧ ಗಂಟೆಗೆ ರಟ್ಟು ಬಿಟ್ಟಿತು. ಅವಳು ಫೋಟೋ ಮಗುಚಿ ಓದಿದಳು: "'ಸ್ಟುಡಿಯೋದಿಂದ ಫೋಟೋ ತಂದು ಕಳಿಸಿದ್ದೇನೆ. ನಾನಿರುವುದು ಗಿರಣಿ ರಸ್ತೆ, ಹದಿನೇಳನೇ ನಂಬರು. ಬಾ ಎಂದು ಒಂದು ಸಾಲು ಬರೆ. ಮಗುವನ್ನು ನೋಡಬೇಕು.' ಗೊತ್ತಿರೋ ಜಾಗನಾ?"

ಗೊತ್ತಿಲ್ಲದೆ ಏನು. ಕೆಲಸಕ್ಕೆ ಸೇರಿದ ಮೊದಲ ಹನ್ನೊಂದು ವರ್ಷ ಅವನ ಪಾಲಿಗೆ ಬಿದ್ದದ್ದು ಅದೇ ರಸ್ತೆ. ಹದಿನೇಳರ ಮೆಟ್ಟಿಲ ಮೇಲೆ ಗಡ್ಡದವನೊಬ್ಬ ಕೂತಿರುತ್ತಿದ್ದ. ಆ ಮನೆಗೆ ಕಾಗದವೇ ಬರುತ್ತಿರಲಿಲ್ಲವಾದ್ದರಿಂದ ಅವನ ಹೆಸರು ತಿಳಿಯುವ ಸಂದರ್ಭವೇ ಬಂದಿರಲಿಲ್ಲ. ಆದರೂ ಆತ ದಿನಾ ಎದ್ದು ನಿಂತು ಕೇಳುತ್ತಿದ್ದ, "ನಂಗೇನಾದ್ರೂ ಇದೆಯೇನಪ್ಪಾ?"

"ಏನೂ ಇಲ್ಲ ಯಜಮಾನ್ರೇ," ಎನ್ನುತ್ತಿದ್ದ ಇವನು, ಸೈಕಲ್ಲಿನಿಂದ ಇಳಿಯದೆ.