ಒಂದೆಲೆಯವಳು

"ಕಾಲಿನ ಕಡೆಯಿಂದ ಶುರು ಮಾಡಿ," ಎಂದ ಚಿತಾಗಾರದ ನೌಕರ. ಸೆತ್ಸುವಿನ ಗಂಡ ಗೆಂಜೊ ಈ ಬದಿಯಿಂದ, ಅವಳ ತಮ್ಮ ತೊಕುಜಿ ಆ ಬದಿಯಿಂದ, ಸುಟ್ಟುಳಿದ ಅವಳ ಎಲುಬೊಂದನ್ನು ಉದ್ದ ಕಡ್ಡಿಗಳಲ್ಲಿ ಜೊತೆಯಾಗಿ ಎತ್ತಿ ಭರಣಿಗೆ ಹಾಕಿದರು.

ಗಾಲಿಕುರ್ಚಿಯಲ್ಲಿದ್ದ ಗೆಂಜೊನ ತಾಯಿ ಕಿಕುಯೊ ಕಡ್ಡಿ ಮುಟ್ಟಲಿಲ್ಲ. ಹನ್ನೊಂದು ವರ್ಷ ತನ್ನ ಹೇಲು ಉಚ್ಚೆ ಬಾಚಿದ ಸೊಸೆ ಈ ಮುದುಕಿಗೆ ಕೊನೆಯವರೆಗೂ 'ಒಂದೆಲೆ'ಯೇ. ಹಿಮ ಕರಗಿದೊಡನೆ ಕಾಡಿನಲ್ಲಿ ಮೇಲೇಳುವ ಕತಾಕುರಿ ಗಿಡ ಏಳೆಂಟು ವರ್ಷ ಬರೀ ಒಂದೇ ಎಲೆ ಬಿಡುತ್ತದೆ. ಎರಡನೇ ಎಲೆ ಬಂದ ವರ್ಷವೇ ಹೂವು. ಒಂದೆಲೆಯಲ್ಲೇ ಮುಗಿದುಹೋಗುವವೂ ಉಂಟು. ಮಕ್ಕಳಾಗದ ಸೊಸೆಗೆ ಮುದುಕಿ ಹೆಸರು ಹೆಕ್ಕಿದ್ದು ಅಲ್ಲಿಂದ.

"ನಮ್ಮನೆ ಸಮಾಧಿಗೆ ಇವಳು ಬೇಡ," ಎಂದಳು ಕಿಕುಯೊ. "ಅದು ವಂಶ ಬೆಳೆಸಿದವರ ಜಾಗ. ತೊಕುಜಿ, ನಿಮ್ಮೂರಿಗೇ ತಗೊಂಡ್ಹೋಗು."

"ನಿಮ್ಮ ಕಾಲಿಗೆ ಬೀಳ್ತೀನಮ್ಮ! ನಲವತ್ತೈದು ವರ್ಷ ನಿಮ್ಮನೇಲಿ ಜೀವ ತೇದಿದ್ದಾಳೆ. ಭಾವ, ನೀವಾದ್ರೂ ಒಂದು ಮಾತು ಹೇಳಿ."

\*

ಮದುವೆಯಾದ ಏಳನೇ ವಸಂತ. ಪೇಟೆಯ ಆಸ್ಪತ್ರೆಯಿಂದ ಇಬ್ಬರೂ ನಡೆದು ಬರುತ್ತಿದ್ದರು. ಇಳಿಜಾರಿನ ತುಂಬ ಕತಾಕುರಿಯ ನೇರಳೆ ಹೂವು. ದೋಷ ಗೆಂಜೊನದು ಎಂದಿದ್ದರು ವೈದ್ಯರು. ಅವನು ದಾರಿಯಲ್ಲೇ ಕುಕ್ಕರಿಸಿ ಅತ್ತ.

"ಏಳಿ, ಯಾರಾದ್ರೂ ನೋಡ್ತಾರೆ," ಎಂದಳು ಸೆತ್ಸು. "ನಂದೇ ದೋಷ ಅಂತ ಅತ್ತೆಗೆ ಹೇಳಿ. ಬೈಸ್ಕೊಂಡು ನಂಗೆ ಅಭ್ಯಾಸ ಇದೆ. ನೀವು ಊರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕಲ್ಲ."

ಅವನು ಕಣ್ಣೊರೆಸಿಕೊಂಡ.

"ಒಂದೆಲೆಯದನ್ನ ನಮ್ಮ ಬೆಟ್ಟದಲ್ಲಿ ಯಾರೂ ಕೀಳಲ್ಲ, ಅಲ್ವಾ? ನನ್ನನ್ನೂ ಕೀಳ್ಬೇಡಿ. ಸತ್ತ ಮೇಲೂ ನಿಮ್ಮ ಹತ್ರಾನೇ ಇರಬೇಕು ನಾನು."

"ಆಣೆ," ಎಂದಿದ್ದ ಗೆಂಜೊ.

\*

ಗೆಂಜೊ ಬಾಯಿ ತೆರೆದ. ಬಾಗಿಲ ಬಳಿ ಊರಿನ ಗಂಡಸರೆಲ್ಲ ನಿಂತಿದ್ದರು.

"ಏನೋ? ಹೇಳೋದಿದ್ರೆ ಹೇಳು," ಎಂದಳು ತಾಯಿ.

"ಏನಿಲ್ಲಮ್ಮ. ನೀನು ಹೇಳಿದ ಹಾಗೇ ಆಗ್ಲಿ."

ಎಪ್ಪತ್ತು ದಾಟಿದರೂ ಹೇಡಿ ಹೇಡಿಯೇ. ಉಳಿದ ಎಲುಬುಗಳನ್ನು ಅವನು ಒಂದೂ ಬೀಳಿಸದೆ ಭರಣಿಗೆ ತುಂಬಿದ.

ಬಿಳಿ ಬಟ್ಟೆ ಸುತ್ತಿದರೂ ಭರಣಿ ಇನ್ನೂ ಬಿಸಿಯಾಗಿತ್ತು. ತೊಕುಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತ. ಗೆಂಜೊ ತಾನೇ ಬಾಗಿಲು ಹಾಕಿ, ಹೊರಟ ಕಾರಿಗೆ ಸೊಂಟ ಬಗ್ಗಿಸಿ ವಂದಿಸಿದ.

"ನೋಡ್ರೇ, ಬಂಜೆ ಹೆಂಡ್ತಿಗೂ ಎಷ್ಟು ಮರ್ಯಾದೆ!" ಎಂದಳು ಪಕ್ಕದ ಮನೆಯವಳು. "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು."

ಗೆಂಜೊ ಇನ್ನೂ ಸ್ವಲ್ಪ ಬಾಗಿದ.