ಹುನಗುಂದದಲ್ಲಿ ಕೇಳಿದ ಮಲ್ಲುವಿನ ದನಿ

ಮಗನ ದನಿ ಕೇಳಿದ ಕೂಡಲೇ ಶಾರವ್ವ ಕೇಳಿದ ಮೊದಲ ಮಾತು, "ಉಂಡಿಯೇನಪಾ?"

ಮಲ್ಲು ಕಾಣೆಯಾಗಿ ಐದನೆಯ ವರ್ಷ ನಡೆದಿತ್ತು. ಬಾದಾಮಿಗೆ ಹೋಗಿ ಬರ್ತೇನಿ ಎಂದು ಇಳಕಲ್ಲಿನ ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ. ಬೈಕು ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತು, ಅವನು ಸಿಗಲಿಲ್ಲ. ಪೊಲೀಸರು ಹುಡುಕಿದರು, ಹರಕೆ ಹೊತ್ತದ್ದಾಯಿತು, ಫೋಟೋ ಊರೂರು ತಿರುಗಿತು. ಕೊನೆಗೆ ಯಾರೋ ಹುನಗುಂದದ ಮಹಾದೇವಿಯ ಹೆಸರು ಹೇಳಿದರು. ದಿನಾ ಮಧ್ಯಾಹ್ನ ಅವಳ ಮೈಮೇಲೆ ಸತ್ತವರು ಬಂದು ಮಾತಾಡುತ್ತಾರಂತೆ, ಕಾಣೆಯಾದವರು ಮಾತ್ರ ಅಮಾವಾಸ್ಯೆಗೆ ಬರುತ್ತಾರಂತೆ. ಮಲ್ಲುವೂ ಬಂದ. "ನಾ ನೀರಾಗ ಹೋದೆವ್ವಾ. ನನ್ನ ದಾರಿ ನೋಡಬ್ಯಾಡ. ವಿದ್ಯಾನ್ನ ಕಟ್ಟಿ ಹಾಕಬ್ಯಾಡ್ರಿ, ಆಕಿನ್ನ ಕಳಿಸಿಕೊಡ್ರಿ" ಎಂದು ಹೆಂಡತಿಯ ಮಾತೂ ಎತ್ತಿದ.

ಈ ಸುದ್ದಿ ಜಯಶ್ರೀಗೆ ಮುಟ್ಟಿದ್ದು ಎರಡು ದಿನ ತಡವಾಗಿ. ಅವಳು ಮಲ್ಲುವಿನ ಅಕ್ಕ, ನವನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಬೀಗ ಹಾಕಿದ ಮೇಲೂ ತಿರುಗಿ ಬಂದು ಎಳೆದು ನೋಡುವ ಸ್ವಭಾವ. ತಮ್ಮ ಹೋದ ಮೇಲೆ ಅದು ಇನ್ನೂ ಹೆಚ್ಚಾಗಿ, ಬಸ್ಸಿನಲ್ಲಿ ಕೂತರೂ ಕಿಟಕಿಯಾಚೆ ಕಂಡ ಪ್ರತಿಯೊಂದು ಮುಖವನ್ನೂ ಎರಡು ಸಲ ನೋಡುತ್ತಿದ್ದಳು. ಭಾನುವಾರ ಇಳಕಲ್ಲಿಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅವ್ವಾ, ಖರೆ ಹೇಳು. ಅದು ಮಲ್ಲುನ ದನೀನ ಏನು?"

"ಸ್ವಲ್ಪ ಒಡದಿತ್ತು. ನೀರಾಗ ಇದ್ದವ ಅಲ್ಲನು, ಥಂಡಿ ಆಗಿರಬೇಕು."

"ಸತ್ತರೂ ನೆಗಡಿ ಬಿಡಂಗಿಲ್ಲ ನೋಡವ್ವಾ ಮನಶ್ಯಾನ್ನ," ಎಂದರು ಶಂಕ್ರಪ್ಪ ಕಾಕಾ, ಅಡಕೆ ಕತ್ತರಿಸುತ್ತ. ಅಣ್ಣ ತೀರಿದ ಮೇಲೆ ಈ ಮನೆಯ ಹಿರಿತನ ಅವರದೇ.

"ನಗಬ್ಯಾಡ ಶಂಕ್ರಪ್ಪ. ಅವ ನಿದ್ದಿಯಾಗ ಹಲ್ಲು ಕಡೀತಿದ್ದ ಅಂತ ಆಕಿಗೆ ಹೆಂಗ ಗೊತ್ತಾತು? ಜ್ವರ ಬಂದಾಗ ಗೋಡಿ ಕಡೆ ಮಾರಿ ಮಾಡಿ ಮಲಗ್ತಿದ್ದ ಅಂತ ಹೆಂಗ ಗೊತ್ತಾತು? ಕಲ್ತಾಕಿ ಜಯಾ, ಹೇಳ್ಲಿ."

ಜಯಶ್ರೀ ಒಳಗೆ ಇಣುಕಿದಳು. ಒಳಕೋಣೆಯಲ್ಲಿ ಮಲ್ಲುವಿನ ಹೆಂಡತಿ ವಿದ್ಯಾ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಲಾಳಿಯ ಸದ್ದು ಒಂದೇ ಸಮನೆ ಬರುತ್ತಿತ್ತು.

ಕಾಕಾ ಮುಂದಿನದನ್ನು ಹೇಳಿದರು. "ಬರೂ ಅಮಾಸಿಗೆ ಇನ್ನೊಮ್ಮೆ ಕೇಳೂದು. ಹೂಂ ಅಂದರ ಕೂಡಲಸಂಗಮದಾಗ ಹಿಟ್ಟಿನ ಗೊಂಬಿ ಮಾಡಿ ಕ್ರಿಯಾ ಮುಗಿಸೂದು. ಆಮ್ಯಾಲೆ ವಿದ್ಯಾನ್ನ ಕಲಾದಗಿಗೆ, ತೌರಿಗೆ ಕಳಸೂದು. ಸತ್ತವನ ಮಾತು ಮೀರಬಾರದು."

ಒಳಗೆ ಲಾಳಿ ನಿಂತಿತು. ಜಯಶ್ರೀ ಅದನ್ನು ಗಮನಿಸಿದಳು. ಹುಡುಗಿ ಹೆದರಿದ್ದಾಳೆ ಎಂದುಕೊಂಡಳು. ವಿದ್ಯಾ ಹೋದರೆ ಮಗ್ಗ ಮತ್ತು ಆ ಕೋಣೆ ಕಾಕಾನ ಮಗನಿಗೆ ಉಳಿಯುತ್ತದೆ ಎಂಬ ಯೋಚನೆಯೂ ಬಂತು. ಬಂದದ್ದೇ ತಡ, ಅದು ಮನಸ್ಸಿನಲ್ಲಿ ಬೇರು ಬಿಟ್ಟಿತು. ಯಾರೋ ಮಹಾದೇವಿಯ ಕಿವಿಗೆ ಮನೆಯ ಮಾತು ಹಾಕಿ ಈ ಆಟ ಹೂಡಿದ್ದಾರೆ.

ಅವಳು ಒಳಗೆ ಹೋಗಿ ಮಗ್ಗದ ಪಕ್ಕ ಕೂತಳು. ವಿದ್ಯಾ ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಹೊಂದಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೆದರಬ್ಯಾಡ. ನಿನ್ನನ್ನ ಈ ಮನಿಯಿಂದ ಹೊರಗ ಹಾಕಾಕ ನಾ ಬಿಡೂದಿಲ್ಲ."

"ನೀವ್ಯಾಕ ತ್ರಾಸ ತಗೋತೀರಿ ಅಕ್ಕಾರ? ಆಗೂದು ಆಗ್ಲಿ ಬಿಡ್ರಿ."

"ಹಂಗ ಅನಬ್ಯಾಡ. ಮಲ್ಲು ಬಂದೇ ಬರ್ತಾನ."

ಬಂದಾಗೊಮ್ಮೆ ಜಯಶ್ರೀ ಹೇಳುತ್ತಿದ್ದ ಮಾತು ಅದು. ವಿದ್ಯಾ ಎಳೆಯೊಂದನ್ನು ಬೆರಳಲ್ಲಿ ಹೊಸೆದು, ಮುಂದಿನದಕ್ಕೆ ಕೈ ಹಾಕಿದಳು.

ಮರುವಾರ ಜಯಶ್ರೀ ರಜೆ ಹಾಕಿ ಒಬ್ಬಳೇ ಹುನಗುಂದಕ್ಕೆ ಹೋಗಿಬಂದಳು. ತಗಡಿನ ಪಡಸಾಲೆ, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ 'ಮೊಬೈಲ್ ಬಂದ್ ಮಾಡಿರಿ' ಎಂಬ ಬರಹ. ನೀರು ಕೊಡುವ ಹೆಂಗಸರು ಬಂದವರ ಪಕ್ಕ ಕೂತು ಬೆನ್ನು ಸವರುತ್ತ ಮಾತಿಗೆಳೆಯುತ್ತಿದ್ದರು. "ಯಾರು ಹೋದರವ್ವಾ? ಹೆಂಗ ಹೋದರು?" ದುಃಖದವರು ಎಲ್ಲವನ್ನೂ ಅವರ ಮಡಿಲಿಗೆ ಸುರಿಯುತ್ತಿದ್ದರು. ತಾಸು ಕಳೆಯುವುದರೊಳಗೆ ಅದೇ ಮಾತು ಒಳಗಿನಿಂದ ಸತ್ತವರ ದನಿಯಾಗಿ ಬರುತ್ತಿತ್ತು. ತಂತ್ರ ಸರಳವಾಗಿಯೇ ಇತ್ತು. ಆದರೆ ಅವ್ವ ಯಾರಿಗೂ ಏನೂ ಹೇಳಿರಲಿಲ್ಲ, ಅದನ್ನು ಜಯಶ್ರೀ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಹಲ್ಲು ಕಡಿಯುವ ಮಾತು ಮನೆಯೊಳಗಿಂದಲೇ ಹೋಗಿರಬೇಕು.

ಆಗ ಅವಳಿಗೆ ಗಡಿಯಾರ ನೆನಪಾಯಿತು. ಅಪ್ಪನ ಕೈಗಡಿಯಾರ. ಮಲ್ಲು ಕಾಣೆಯಾಗುವ ಮೊದಲು ರಿಪೇರಿಗೆಂದು ಅವಳ ಬಳಿ ಬಿಟ್ಟುಹೋಗಿದ್ದ, ಅದು ಅವಳ ಕಪಾಟಿನಲ್ಲೇ ಇತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೂ ಮಗನ ಜೊತೆಗೇ ಹೋಯಿತೆಂದು ಅವ್ವ ತಿಳಿದಿದ್ದಳು.

ಜಯಶ್ರೀ ಆ ಗಡಿಯಾರದ ಮೇಲೆ ಮೂರು ಸುಳ್ಳು ಕಟ್ಟಿದಳು. ಕಾಕಾನಿಗೆ, ಅದನ್ನು ಮಲ್ಲು ಐಹೊಳೆಯ ಗೆಳೆಯನಿಗೆ ಕೊಟ್ಟನೆಂದಳು. ಲಾಳಿಯ ಕಂಡಿಕಿಗೆ ನೂಲು ಸುತ್ತಲು ದಿನಾ ಬರುತ್ತಿದ್ದ ನೆರೆಮನೆಯ ಬಾಳವ್ವನಿಗೆ, ಬಾದಾಮಿಯಲ್ಲಿ ಯಾರೋ ಕದ್ದರೆಂದಳು. ವಿದ್ಯಾಳಿಗೆ, ಮುಳುಗಡೆಯ ಹಿನ್ನೀರು ನೋಡಲು ಅಕ್ಕತಮ್ಮ ಹೋದಾಗ ಕೈಜಾರಿ ನೀರಿಗೆ ಬಿತ್ತೆಂದಳು. ಮೂವರಿಗೂ, "ಅವ್ವಗ ಹೇಳಬ್ಯಾಡ್ರಿ, ನೊಂದುಕೋತಾಳ" ಎಂದಳು. ವಿದ್ಯಾಳಿಗೆ ಹೇಳುವಾಗ ನಾಚಿಕೆಯಾಯಿತು. ಆದರೆ ಪ್ರಯೋಗದಲ್ಲಿ ನಮ್ಮವರೆಂದು ಯಾರನ್ನೂ ಹೊರಗಿಡಬಾರದು ಎಂದು ತರಗತಿಯಲ್ಲಿ ಕಲಿಸುವವಳು ತಾನೇ.

ಅಮಾವಾಸ್ಯೆಯ ಮಧ್ಯಾಹ್ನ ನಾಲ್ವರೂ ಮಹಾದೇವಿಯ ಎದುರು ಕೂತರು. ಮಹಾದೇವಿ ಐವತ್ತರ ಆಸುಪಾಸಿನ ತೆಳು ಹೆಂಗಸು, ದಣಿದ ಕಣ್ಣು. ಮಲ್ಲುವಿನ ಹಳೆಯ ಅಂಗಿಯನ್ನು ತೊಡೆಯ ಮೇಲೆ ಹಾಸಿಕೊಂಡು ಕಣ್ಣು ಮುಚ್ಚಿದಳು. ಹೊತ್ತು ಕಳೆದ ಮೇಲೆ ಒಡೆದ ದನಿ ಹೊರಟಿತು.

"ಯವ್ವಾ..."

ಶಾರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಜಯಶ್ರೀ ಮುಂದೆ ಸರಿದಳು.

"ಮಲ್ಲು, ಅಪ್ಪನ ಗಡಿಯಾರ ಎಲ್ಲಿ ಐತಿ?"

"ನೀರಾಗ ಬಿತ್ತಕ್ಕಾ... ನಿನ್ನ ಜೋಡಿ ಹಿನ್ನೀರಿನ ದಂಡ್ಯಾಗ ನಿಂತಿದ್ನೆಲ್ಲ, ಅವತ್ತ ಜಾರಿತು. ಈಗ ನಾನೂ ಅಲ್ಲೇ ಅದೇನಿ."

ಗುರಿ ತಗುಲಿದಾಗಿನ ಬಿಸಿ ಜಯಶ್ರೀಯ ಎದೆಯಲ್ಲಿ ಎದ್ದಿತು. ಅವಳು ಚೀಲದಿಂದ ಗಡಿಯಾರ ತೆಗೆದು, ಪಡಸಾಲೆಯವರೆಲ್ಲ ನೋಡುವಂತೆ ಎತ್ತಿ ಹಿಡಿದಳು.

"ಇಲ್ಲೈತಿ ಗಡಿಯಾರ. ನೀರಿನ ಕಥಿ ನಾನ ಕಟ್ಟಿದ್ದು. ಈಕಿ ಹೇಳಿದ್ದೆಲ್ಲಾ ಸುಳ್ಳು."

ಮಾತು ಬಾಯಿ ಬಿಟ್ಟ ಮೇಲೆಯೇ ಅವಳಿಗೆ ಹೊಳೆದದ್ದು, ನೀರಿನ ಕಥೆ ತಾನು ಯಾರಿಗೆ ಹೇಳಿದ್ದೆನೆಂದು.

ಮಹಾದೇವಿ ಕಣ್ಣು ತೆರೆದಳು. ಗಡಿಯಾರವನ್ನು ನೋಡಲಿಲ್ಲ, ಜಯಶ್ರೀಯನ್ನೂ ನೋಡಲಿಲ್ಲ. ಅವಳ ಹಿಂದೆ ಕೂತಿದ್ದ ವಿದ್ಯಾಳನ್ನು ಒಂದು ಗಳಿಗೆ ನೋಡಿ, "ಇವತ್ತು ದನಿ ಬರವಲ್ದು" ಎಂದು ಅಂಗಿಯನ್ನು ಮಡಚಿಟ್ಟು ಒಳಗೆ ಹೋದಳು. ಪಡಸಾಲೆಯಲ್ಲಿ ಗದ್ದಲವೆದ್ದಿತು. ಯಾರೋ ಬೈದರು, ಯಾರೋ ಅತ್ತರು. ಒಬ್ಬ ಮುದುಕಿ ಜಯಶ್ರೀಯ ತೋಳು ಹಿಡಿದು, "ನನ್ನ ಮೊಮ್ಮಗಳು ಮಾತಾಡಿದ್ದು ಹಂಗಾರ ಯಾರು?" ಎಂದು ಕೇಳಿದಳು. ಜಯಶ್ರೀ ತೋಳು ಬಿಡಿಸಿಕೊಂಡಳು.

ಟೆಂಪೋದಲ್ಲಿ ಶಾರವ್ವ ಗಡಿಯಾರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದಳು.

"ಕಥಿ ಯಾರಿಗೆ ಹೇಳಿದ್ದಿ?" ಎಂದರು ಕಾಕಾ. "ನನಗ ಐಹೊಳಿ ಅಂದಿದ್ದಿ. ಆ ಬಾಳವ್ವನ ಬಾಯೇನು?"

"ಬಾಳವ್ವ ಅಲ್ಲ ಕಾಕಾ."

"ಮತ್ಯಾರು?"

ವಿದ್ಯಾ ಹೊರಗೆ ನೋಡುತ್ತಿದ್ದಳು. ಜಯಶ್ರೀ ಅವ್ವನ ಕೈಯಲ್ಲಿದ್ದ ಗಡಿಯಾರದತ್ತ ಕಣ್ಣು ಹೊರಳಿಸಿದಳು. "ಆ ಬಾಳವ್ವನ ಹೇಳ್ಯಾಳ ಹಂಗಾರ," ಎಂದು ಕಾಕಾ ತೀರ್ಮಾನಿಸಿದರು. ಮರುದಿನ ಬೆಳಿಗ್ಗೆ ಕಂಡಿಕಿ ಸುತ್ತಲು ಬಂದ ಬಾಳವ್ವನನ್ನು ಹೊಸ್ತಿಲಿಂದಲೇ ತಿರುಗಿ ಕಳಿಸಿದರು. ಅವಳು ಏನಾಯಿತೆಂದು ತಿಳಿಯದೆ ಓಣಿಯಲ್ಲಿ ನಿಂತೇ ಇದ್ದಳು.

ಹಿತ್ತಲಲ್ಲಿ ವಿದ್ಯಾ ಪಾತ್ರೆ ತಿಕ್ಕುತ್ತಿದ್ದಳು. ಜಯಶ್ರೀ ಎದುರು ಕುಕ್ಕರಗಾಲಲ್ಲಿ ಕೂತಳು.

"ನಾನ ಹೇಳಿದ್ದು," ಎಂದಳು ವಿದ್ಯಾ, ಕೈ ನಿಲ್ಲಿಸದೆ. "ಸೀರಿ ಮುಟ್ಟಿಸಾಕ ಹುನಗುಂದಕ್ಕ ಹೋದಾಗ ಹೋಗಿದ್ದೆ. ಭಾಳ ಅತ್ತೆ. ಆಕಿ ಕೇಳಿಸಿಕೊಂಡಳು. ನಿನಗೇನು ಬೇಕವ್ವಾ ಅಂತ ಈ ಐದು ವರ್ಷದಾಗ ಕೇಳಿದಾಕಿ ಅಂದರ ಆಕಿ ಒಬ್ಬಾಕೀನ."

"ಏನು ಬೇಕಿತ್ತು ನಿನಗ?"

"ಕಲಾದಗಿಯಾಗ ಒಬ್ಬರು ಅದಾರ್ರಿ. ಹೆಂಡತಿ ತೀರಿಕೊಂಡಾಳ. ಅಪ್ಪಗ ಕೇಳಾಕತ್ಯಾರ, ಉಡಿಕಿ ಮಾಡಿಕೋತೇನಿ ಅಂತ."

ಉಡಿಕಿ ಎಂದರೆ ಒಮ್ಮೆ ಮದುವೆಯಾದ ಹೆಣ್ಣಿಗೆ ಸೀರೆ ಉಡಿಸಿ ಮತ್ತೊಬ್ಬನ ಮನೆ ತುಂಬಿಸುವ ಪದ್ಧತಿ. ಈ ಕಡೆ ಅದಕ್ಕೆ ಅಡ್ಡಿಯಿಲ್ಲ.

"ಗಂಡ ಸತ್ತರ ಆಗ್ತೈತಿ. ಗಂಡ ಬಿಟ್ಟರೂ ಆಗ್ತೈತಿ. ಇವರು ಸಾಯಲೂ ಇಲ್ಲ, ಬಿಡಲೂ ಇಲ್ಲ." ವಿದ್ಯಾ ಬೂದಿಯ ಕೈಯಿಂದ ಹಣೆಯ ಕೂದಲು ಸರಿಸಿದಳು. "ಗಡಿಯಾರದ ಮಾತೂ ಆಮ್ಯಾಲೆ ಹೋಗಿ ಹೇಳಿ ಬಂದೆ. ಅದನ್ನ ಕೇಳಿದರ ನೀವೂ ನಂಬ್ತೀರಿ, ಅಡ್ಡ ಬರಂಗಿಲ್ಲ ಅನ್ಕೊಂಡೆ."

"ನನಗ ಮದಲ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಬಂದಾಗೊಮ್ಮೆ ಅವ ಬರ್ತಾನ, ಅವ ಬರ್ತಾನ ಅಂತಿದ್ರಿ. ನಿಮ್ಮ ತಮ್ಮ ಅವರು. ಸತ್ತಿರಲಿ ಅಂತ ನಿಮ್ಮ ಮುಂದ ಹೆಂಗ ಅನ್ಲಿ?"

"ಏಳು ವರ್ಷ ಆದರ ಕೋರ್ಟಿನಾಗ ಸತ್ತಾನ ಅಂತ ಬರಸಿಕೊಂಡು..."

"ಅವರಿಗೂ ಸಣ್ಣ ಕೂಸು ಐತ್ರಿ. ಅಷ್ಟು ದಿನ ಯಾರು ಕಾಯ್ತಾರ?"

ಜಯಶ್ರೀ ಎದ್ದು ಪಡಸಾಲೆಗೆ ಬಂದಳು. ಶಾರವ್ವ ಮಗನ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕುತ್ತಿದ್ದಳು. ತಿಂಗಳಿಂದ ಅತ್ತು ಬತ್ತಿದ್ದ ಮುಖದಲ್ಲಿ ಕಳೆ ಬಂದಿತ್ತು.

"ಅವ್ವಾ, ಕೇಳಿಲ್ಲೆ. ಮಹಾದೇವಿ ಸುಳ್ಳು ಹೇಳ್ಯಾಳ ಅಂದರ ಮಲ್ಲು ಬದುಕ್ಯಾನ ಅಂತ ಅಲ್ಲ. ಅವ ಇಲ್ಲದಿರಬಹುದು."

"ಬಿಡ್ತು ಅನ್ನು. ನೀನ ತೋರಿಸಿಕೊಟ್ಟಿ, ಈಗ ನೀನ ಹಿಂಗಂತಿ?"

"ಇದ್ದರೂ ಇರ್ಲಿ. ವಿದ್ಯಾನ್ನ ಕಳಸೂಣು. ಆಕಿ ಎಷ್ಟು ದಿನ ಅಂತ ಹಿಂಗ ಕುಂದರಬೇಕು? ಉಡಿಕಿ ಮಾಡಿಕೊಡೂಣು."

ಕಾಕಾ ಅಡಕೊತ್ತನ್ನು ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ. ದಡ್ಡ ಹುಡುಗಿಗೆ ತಿಳಿಸಿ ಹೇಳುವವರಂತೆ ಮೆಲ್ಲಗೆ ಹೇಳಿದರು. "ಗಂಡ ಜೀವಂತ ಇರೂ ಹೆಣ್ಣಿಗೆ ಎಂಥಾ ಉಡಿಕೆವ್ವಾ? ಸತ್ತವ ಅಂದಾಗ ನಾನ ಕಳಸೂಣು ಅಂದಿದ್ದೆ. ಸತ್ತಿಲ್ಲ ಅಂತ ತೋರಿಸಿದಾಕಿ ನೀನು. ನಾಳಿ ಅವ ಬಂದು ನನ್ನ ಹೆಂಡತಿ ಎಲ್ಲಿ ಅಂದರ ಏನು ಹೇಳೂಣು?"

ಕಾಕಾನ ಮಾತಿನಲ್ಲಿ ಮಗ್ಗದ ಆಸೆ ಎಲ್ಲೂ ಇರಲಿಲ್ಲ. ಅದನ್ನೂ ಜಯಶ್ರೀಯೇ ಕಟ್ಟಿಕೊಂಡದ್ದು.

ವಿದ್ಯಾಳೇ ಹೇಳಿದ್ದೆಂದು ಬಾಯಿಬಿಟ್ಟರೆ ಬಾಳವ್ವನ ಮೇಲಿನ ಅಪವಾದ ಕಳೆಯುತ್ತಿತ್ತು. ಆದರೆ ಗಂಡನನ್ನು ತಾನೇ ಸಾಯಿಸಿದವಳೆಂದು ವಿದ್ಯಾ ಈ ಮನೆಯಲ್ಲಿ ಬದುಕಿರುವ ತನಕ ಅನ್ನಿಸಿಕೊಳ್ಳಬೇಕಾಗುತ್ತಿತ್ತು. ಜಯಶ್ರೀ ಎರಡನ್ನೂ ತೂಗಿದಳು, ಮತ್ತೆ ತೂಗಿದಳು, ಸುಮ್ಮನಾದಳು.

ಓಣಿಯಲ್ಲಿ ಬಳೆಗಾರ್ತಿ ಶಹರಬಾನುವಿನ ಕೂಗು ಕೇಳಿಸಿತು. ಮಹಾದೇವಿಯ ಮಾತು ಕೇಳಿದ ದಿನದಿಂದ ಸೊಸೆಗೆ ಹೊಸ ಬಳೆ ಇಡಿಸಿರಲಿಲ್ಲ. ಶಾರವ್ವ ತಾನೇ ಬಾಗಿಲಿಗೆ ಹೋಗಿ ಕರೆದಳು. ವಿದ್ಯಾಳನ್ನು ಹಿತ್ತಲಿನಿಂದ ಕರೆತಂದು ಚಾಪೆಯ ಮೇಲೆ ಕೂರಿಸಿ, ಹಣೆಗೆ ದೊಡ್ಡದಾಗಿ ಕುಂಕುಮ ಹಚ್ಚಿದಳು.

"ಹಸರು ಬಳಿ ಹಾಕವಾ. ಕೈತುಂಬ ಹಾಕು. ನನ್ನ ಮಗ ಬರೂವ ಅದಾನ."

ಶಹರಬಾನು ವಿದ್ಯಾಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಬೆರಳುಗಳನ್ನು ಒತ್ತಿ ನೋಡಿದಳು. "ಭಾಳ ಬಿರಸು ಆಗೈತಲ್ರಿ ಕೈ. ಮಗ್ಗದ ಕೈ. ಸಡಿಲ ಬಿಡವಾ ತಂಗಿ." ಮೊದಲ ಬಳೆ ಗಿಣ್ಣಿನ ಬಳಿ ಸಿಕ್ಕಿಕೊಂಡಿತು. ವಿದ್ಯಾ ಬಿಡಿಸಿಕೊಳ್ಳಲಿಲ್ಲ. ಗೋಡೆಯ ಕಡೆ ನೋಡುತ್ತ ಕೂತಿದ್ದಳು.

"ಜಯಾ, ಆಕಿನ ಮಣಿಕಟ್ಟು ಒಂದೀಟು ಹಿಡಿ," ಎಂದಳು ಶಾರವ್ವ.

ಜಯಶ್ರೀ ಹಿಡಿದಳು. ಒಳಗೆ ನಾಡಿ ನಿಧಾನವಾಗಿ ಬಡಿಯುತ್ತಿತ್ತು. ಶಹರಬಾನು ಗಿಣ್ಣನ್ನು ಒತ್ತಿ, ತಿರುವಿ, ಬಳೆಯನ್ನು ಒಳಗೆ ತಳ್ಳಿದಳು, ಮುಂದಿನದಕ್ಕೆ ಕೈ ಚಾಚಿದಳು.