ಬೂದಿಗುಡ್ಡದ ಟೊಂಗೆ

ಜಹೀರಾಬಾದಿನ ನಮ್ಮ ಕಾಲೇಜಿನ ಪ್ರಿನ್ಸಿಪಾಲ್ ವೈಜಿನಾಥ ಸರ್ ಅವರಿಗೆ ಒಣಗಿದ್ದೆಲ್ಲ ಕಸ. ನಾನು ಸಸ್ಯಶಾಸ್ತ್ರ ಕಲಿಸುವವಳು. ನನ್ನ ಹರ್ಬೇರಿಯಂ ಬೀರು ಅವರ ಕಣ್ಣಿಗೆ ಗುಜರಿ. ಒಣಗಿದ ಗಿಡವನ್ನು ಹಾಳೆಗೆ ಅಂಟಿಸಿ, ಎಲ್ಲಿ, ಯಾವಾಗ ಸಿಕ್ಕಿತೆಂದು ಬರೆದಿಟ್ಟರೆ ಅದು ಅಲ್ಲಿ ಬದುಕಿತ್ತೆಂಬುದಕ್ಕೆ ಸಾಕ್ಷಿ ಎಂದು ಎಷ್ಟು ಹೇಳಿದರೂ, "ಜಿರಳಿಗೆ ಊಟಾ ಇಟ್ಟೀರಿ ಬಿಡ್ರಿ" ಎಂದು ನಗುತ್ತಿದ್ದರು.

ದಸರೆ ರಜೆ ಮುಗಿಸಿ ಬಂದು ಬೀರು ತೆಗೆದರೆ ಒಂದು ಹಾಳೆ ಬೋಳು. ತೀರಿಹೋದ ನನ್ನ ಗುರು ಶಕುಂತಲಾಬಾಯಿ ತಾಂಡೂರಿನ ಹತ್ತಿರದ ಬೂದಿಗುಡ್ಡದಿಂದ ಎಂದೋ ತಂದಿದ್ದ ಮುಳ್ಳುಗಿಡದ ಟೊಂಗೆ ಮಾಯವಾಗಿ, ಲೇಬಲ್ಲು ಮತ್ತು ಅಂಟಿನ ಕಲೆ ಮಾತ್ರ ಉಳಿದಿದ್ದವು. ಅದು ಬನ್ನಿಯಂತೆ ಕಂಡರೂ ಬನ್ನಿಯಲ್ಲ, ಇನ್ನೂ ಯಾರೂ ಹೆಸರಿಡದ ಗಿಡ ಎಂಬುದು ನನ್ನ ವಾದ. ಆ ಗುಡ್ಡ ಎಲ್ಲಿದೆಯೆಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ನನ್ನ ಪಿಎಚ್‌ಡಿ ಪೂರ್ತಿ ಆ ಟೊಂಗೆಯನ್ನೇ ನಂಬಿತ್ತು. ಹೈದರಾಬಾದಿನ ಲ್ಯಾಬಿನವರು ಪರೀಕ್ಷೆಗೆ ಅದರ ಎಲೆ ಕೇಳಿದ್ದರು.

"ಅದು ಬನ್ನಿ ಅಲ್ಲೇನ್ರಿ?" ಪ್ರಿನ್ಸಿಪಾಲರು ಚಹಾ ಊದುತ್ತ ಕೇಳಿದರು. "ದಸರಿ ದಿನ ವೀರಭದ್ರ ಸೇಠರಿಗೆ ಬಂಗಾರ ಕೊಡಾಕ ಹೊಂಟಿದ್ದೆ. ಬಜಾರದಾಗ ಬನ್ನಿ ಮುಗದಿತ್ತು. ನಿಮ್ಮ ಬೀರು ನೆನಪಾತು."

ಬನ್ನಿಯನ್ನು ಬಂಗಾರವೆಂದು ಕೊಟ್ಟು ತಗೊಳ್ಳುವುದು ನಮ್ಮ ಕಡೆ ಎಲ್ಲರ ರೂಢಿ. ಹರ್ಬೇರಿಯಂನಿಂದ ಕಿತ್ತು ಕೊಡುವುದು ಇವರೊಬ್ಬರದೇ. ಸೇಠರು ತಾಂಡೂರಿನ ಕಲ್ಲುಗಣಿ ಮಾಲೀಕರು, ಕಾಲೇಜಿನ ಹೊಸ ನೆಲಕ್ಕೆ ಪುಕ್ಕಟೆ ನೀಲಿ ಬಂಡೆ ಕೊಟ್ಟವರು. ನಾನು ಪ್ರಿನ್ಸಿಪಾಲರನ್ನು ಅವರ ಕಾರಿನಲ್ಲೇ ಕೂರಿಸಿ ತಾಂಡೂರಿಗೆ ಹೊರಡಿಸಿಕೊಂಡು ಹೋದೆ.

ಸೇಠರು ಟೊಂಗೆಗೆ ಕುಂಕುಮ ಹಚ್ಚಿ ತಿಜೋರಿಯಲ್ಲಿಟ್ಟಿದ್ದರು. ನನ್ನ ಬೀರುವಿಗಿಂತ ಒಳ್ಳೆಯ ಕಾವಲು, ಒಪ್ಪಲೇಬೇಕು.

"ಮನಿಗೆ ಬಂದ ಬಂಗಾರ ವಾಪಸ್ ಕೊಡೋದಿಲ್ರಿ" ಎಂದರು.

"ಇದು ಬನ್ನಿ ಅಲ್ರಿ ಸೇಠರ. ಜಾಲಿ ಬಳಗದ ಮುಳ್ಳು. ತಿಜೋರಿದಾಗ ಇಟ್ಟು ಪೂಜಿ ಮಾಡಾಕತ್ತೀರಿ" ಎಂದೆ.

ಆಗ ಸೇಠರು ಪ್ರಿನ್ಸಿಪಾಲರನ್ನು ನೋಡಿದ ನೋಟವನ್ನು ಒಣಗಿಸಿ ಹಾಳೆಗೆ ಅಂಟಿಸಿಡಬೇಕಿತ್ತು. ಸೇಠರ ತಾಯಿ ಉಮಾಬಾಯಿ ಮಾತ್ರ ಕದಲಲಿಲ್ಲ. "ಒಯ್ಯವ್ವ. ಆದ್ರ ಹಬ್ಬದ ಬಂಗಾರ ಬರೇ ಕೈಲೆ ಒಯ್ಯಬಾರ್ದು. ಖರೇ ಬನ್ನಿ ತಂದು ಕೊಟ್ಟು ಒಯ್ಯಿ."

ಪ್ರಿನ್ಸಿಪಾಲರೇ ಬಿಸಿಲಲ್ಲಿ ಹೊಲ ಸುತ್ತಿ, ಕೈತುಂಬ ಮುಳ್ಳು ಚುಚ್ಚಿಸಿಕೊಂಡು ಬನ್ನಿ ತಂದರು. ನನಗೆ ಬಹಳ ಖುಷಿಯಾಯಿತು.

ಎಲೆ ಕಳಿಸಿದ ಕೆಲವು ತಿಂಗಳಿಗೆ ಲ್ಯಾಬಿನಿಂದ ಫೋನು ಬಂತು. ನನ್ನ ವಾದ ಸರಿ, ಗಿಡ ಹೊಸದೇ. ಹೂ, ಕಾಯಿ ಇರುವ ಇನ್ನೊಂದು ಟೊಂಗೆ ಅದೇ ಗುಡ್ಡದಿಂದ ಕಳಿಸಿ ಎಂದರು. ಆ ಕಡೆಯ ಹಳಬರೆಂದರೆ ನನಗೆ ಗೊತ್ತಿದ್ದವರು ಉಮಾಬಾಯಿ ಒಬ್ಬರೇ. ಪ್ರಿನ್ಸಿಪಾಲರ ಕೋಣೆಯಿಂದಲೇ ಫೋನು ಮಾಡಿ, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

"ಬೂದಿಗುಡ್ಡಾ? ನಾ ಸಣ್ಣಾಕಿ ಇದ್ದಾಗ ಅಲ್ಲೇ ದನ ಮೇಯಸ್ತಿದ್ದೆವ್ವ" ಎಂದರು ಮುದುಕಿ. "ಈಗ ಎಲ್ಲಿ ಅದ? ನನ್ ಮಗ ಪೂರಾ ಕೊರದು ಮಾರ್ಯಾನ. ಕಡೀ ಬಂಡಿಗಲ್ಲು ನಿಮ್ಮ ಕಾಲೇಜಿನ ನೆಲಕ್ಕೇ ಬಂದಾವ."

ನನಗೆ ಅಳು ತಡೆಯಲಾಗಲಿಲ್ಲ. ಪ್ರಿನ್ಸಿಪಾಲರು ಕೆಳಗೆ ನುಣ್ಣನೆಯ ನೀಲಿ ನೆಲವನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ತಿಜೋರಿಯ ಬೀಗ ತೆಗೆದು, ಕೀಲಿಯನ್ನು ನನ್ನ ಮುಂದಿಟ್ಟರು.

"ಆ ಟೊಂಗಿ ಇದರಾಗ ಇಡ್ರಿ, ಮೇಡಂ."